ಕುತ್ತಿಗೆಯಲ್ಲಿ ಉಸಿರು, ಹೆಗಲಲ್ಲಿ ಚೀಲ

‘ಇನ್ನು ಇವರನ್ನು ಹೊರಗೆ ಕರೆದುಕೊಂಡು ಹೋಗಬಹುದಾ?’ ಟ್ರೇಕಿಯಾಸ್ಟಮಿ, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಹಾಕುವ ಶಸ್ತ್ರಚಿಕಿತ್ಸೆ, ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಕಡೆಯವರು ಮೊದಲು ಕೇಳುವುದೇ ಇದನ್ನು. ಹೋಗಬಹುದು. ರಂಧ್ರ ಮಾಗಿರಬೇಕು, ಮೊದಲ ಸಲ ಕೊಳವೆ ಬದಲಾಯಿಸಿ ಆಗಿರಬೇಕು, ಮನೆಯಲ್ಲಿ ಕನಿಷ್ಠ ಇಬ್ಬರು ಸಕ್ಷನ್ (ಕೊಳವೆಯೊಳಗಿನ ಕಫವನ್ನು ಎಳೆದು ತೆಗೆಯುವುದು) ಮಾಡುವುದನ್ನೂ ಬಿದ್ದುಹೋದ ಕೊಳವೆಯನ್ನು ಮತ್ತೆ ಹಾಕುವುದನ್ನೂ ಕೈಯಾರೆ ಮಾಡಿ ಕಲಿತಿರಬೇಕು. ಇಷ್ಟಿದ್ದರೆ, ವೈದ್ಯರ ಒಪ್ಪಿಗೆ ಪಡೆದು ಬಸ್ಸು, ರೈಲು, ವಿಮಾನ ಯಾವುದರಲ್ಲಾದರೂ ಹೊರಡಬಹುದು. ಧೈರ್ಯ ಬೇಕಲ್ಲ ಎನ್ನುತ್ತೀರಿ. ಚೀಲ ಸರಿಯಾಗಿ ಜೋಡಿಸಿದ್ದರೆ ಧೈರ್ಯ ತಾನಾಗಿ ಬರುತ್ತದೆ. ಅದಕ್ಕೇ ಇವತ್ತು ಹೆಚ್ಚು ಹೊತ್ತು ಚೀಲದ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಒಂದು ಪದದ ವಿಚಾರ. ಕೊಳವೆಯ ಕೆಳತುದಿಯ ಸುತ್ತ ಇದ್ದು, ಊದಿದಾಗ ಪಕ್ಕದ ಸಂದು ಮುಚ್ಚುವ ಪುಟ್ಟ ಬಲೂನಿಗೆ ಆಸ್ಪತ್ರೆಯಲ್ಲಿ ‘ಕಫ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಕಫ ಎಂದೇ ಬೀಳುತ್ತದೆ. ‘ಕಫ್ ತೆಗೆದಿದ್ದೀರಾ?’ ಎಂದು ನರ್ಸ್ ಕೇಳಿದರೆ ಮನೆಯವರು ‘ಹೂಂ, ಸಕ್ಷನ್ ಮಾಡಿದೆವು’ ಎನ್ನುತ್ತಾರೆ. ನರ್ಸ್ ಕೇಳಿದ್ದು ಬಲೂನಿನ ಗಾಳಿ ತೆಗೆದಿದ್ದೀರಾ ಎಂದು. ಈ ಗೊಂದಲ ಜೀವಕ್ಕೆ ಎರವಾಗಬಲ್ಲದು, ಹೇಗೆ ಎಂಬುದು ಮುಂದೆ ಬರುತ್ತದೆ. ನಾನು ಇಲ್ಲಿ ಬಲೂನು ಎಂದೇ ಹೇಳುತ್ತೇನೆ. ಮನೆಯಲ್ಲಿ ನೀವೂ ಹಾಗೇ ರೂಢಿ ಮಾಡಿಕೊಳ್ಳಿ.

ಕೊಳವೆ ಹಾಕಿದ ಮೇಲೆ ದೇಹ ಕಳೆದುಕೊಳ್ಳುವುದು ಮೂಗಿನ ಕೆಲಸವನ್ನು. ನಾವು ಎಳೆದುಕೊಂಡ ಗಾಳಿ ಶ್ವಾಸಕೋಶದ ಬಾಗಿಲು ಮುಟ್ಟುವ ಹೊತ್ತಿಗೆ 37 ಡಿಗ್ರಿ ಬೆಚ್ಚಗಾಗಿ, ಒಂದು ಲೀಟರಿಗೆ ಸುಮಾರು 44 ಮಿಲಿಗ್ರಾಂ ನೀರಿನ ಪಸೆ ಹೊತ್ತಿರುತ್ತದೆ. ಅದರ ಬಹುಪಾಲು ಕೆಲಸ ಮೂಗು ಗಂಟಲುಗಳದ್ದು. ಕುತ್ತಿಗೆಯಿಂದ ನೇರವಾಗಿ ಒಳಗೆ ಹೋಗುವ ಗಾಳಿಗೆ ಆ ಬಿಸಿಯೂ ಇಲ್ಲ, ಪಸೆಯೂ ಇಲ್ಲ, ಧೂಳು ಸೋಸುವವರೂ ಇಲ್ಲ. ಕಫ ಗಟ್ಟಿಯಾಗುತ್ತದೆ, ಕೊಳವೆಯ ಒಳಗೋಡೆಗೆ ಅಂಟುತ್ತದೆ, ಒಣಗಿ ಪದರವಾಗುತ್ತದೆ.

ಆ ಪದರ ಎಷ್ಟು ದಪ್ಪವಾದರೆ ಅಪಾಯ? ಸಣ್ಣ ಲೆಕ್ಕ ಹಾಕೋಣ. ಮಗುವಿನ ಕೊಳವೆಯ ಒಳ ಅಳತೆ 4 ಮಿಲಿಮೀಟರ್ ಎಂದುಕೊಳ್ಳಿ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಕಫ ಕಟ್ಟಿದರೆ ಉಳಿಯುವುದು 2 ಮಿಲಿಮೀಟರ್. ಅಗಲ ಅರ್ಧವಾಯಿತು, ಆದರೆ ಗಾಳಿ ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯಿತು. ಅದೇ ಒಂದು ಮಿಲಿಮೀಟರ್ ದೊಡ್ಡವರ 8 ಮಿಲಿಮೀಟರ್ ಕೊಳವೆಯಲ್ಲಿ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಉಳಿದಿರುತ್ತದೆ. ಕೊಳವೆ ಇರುವ ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ ಎನ್ನುವುದು ಇದಕ್ಕೇ. ಕಾರಿನಲ್ಲಿ ಹೋಗುವಾಗ ಗಾಡಿ ಓಡಿಸುವವರನ್ನು ಬಿಟ್ಟು ಇನ್ನೊಬ್ಬರು ಮಗುವಿನ ಪಕ್ಕದಲ್ಲಿ ಕೂತಿರಲೇಬೇಕು. ಸ್ಟಿಯರಿಂಗ್ ಹಿಡಿದ ಕೈ ಸಕ್ಷನ್ ಮಾಡಲಾರದು.

ಹೊರಗೆ ಹೋಗುವಾಗ ಮೂಗಿನ ಬದಲಿಗೆ ಒಯ್ಯುವುದು ಎಚ್‌ಎಂಇ ಎಂಬ ಸಣ್ಣ ಡಬ್ಬಿ. ಕೃತಕ ಮೂಗು ಎಂದೂ ಕರೆಯುತ್ತಾರೆ. ಒಳಗೆ ಸ್ಪಂಜೋ ಕಾಗದದ ಸುರುಳಿಯೋ ಇರುತ್ತದೆ. ಹೊರಗೆ ಬಿಟ್ಟ ಉಸಿರಿನ ಬಿಸಿ, ಪಸೆ ಅದರಲ್ಲಿ ನಿಂತು ಮುಂದಿನ ಉಸಿರಿನ ಜೊತೆ ಒಳಗೆ ಮರಳುತ್ತದೆ. ಸಾಮಾನ್ಯವಾಗಿ 24 ಗಂಟೆಗೊಮ್ಮೆ ಬದಲಿಸಬೇಕು, ಕಫ ಮೆತ್ತಿದರೆ ಆ ಕ್ಷಣವೇ. ತೊಳೆದು ಮತ್ತೆ ಹಾಕುವ ವಸ್ತು ಅದಲ್ಲ. ಒದ್ದೆಯಾದ ಸ್ಪಂಜು ಗಾಳಿಯನ್ನೇ ತಡೆಯುತ್ತದೆ. ನೆಬ್ಯುಲೈಸರ್ ಕೊಡುವಾಗಲೂ ತೆಗೆದಿಡಬೇಕು, ಇಲ್ಲದಿದ್ದರೆ ಔಷಧಿಯ ಹನಿ ಕುಡಿದು ಅದೇ ಮುಚ್ಚಳವಾಗುತ್ತದೆ. ಇಡೀ ದಿನದ ಪಯಣಕ್ಕೆ ಮೂರು ನಾಲ್ಕು ಇಟ್ಟುಕೊಳ್ಳಿ. ಕೆಮ್ಮು ಬಂದಾಗ ಅದು ಸಿಡಿದು ಬೀಳುವುದುಂಟು, ನೆಲಕ್ಕೆ ಬಿದ್ದದ್ದನ್ನು ಮತ್ತೆ ಕುತ್ತಿಗೆಗೆ ಹಾಕಬಾರದು.

ಈಗ ಚೀಲ. ಯಾವ ವಸ್ತು ಎಷ್ಟು ಹೊತ್ತಿನೊಳಗೆ ಬೇಕಾಗುತ್ತದೆ ಎಂದು ನೋಡಿ ಜೋಡಿಸಿ. ಸೆಕೆಂಡುಗಳಲ್ಲಿ ಬೇಕಾದದ್ದು ಮೈಮೇಲೆ, ನಿಮಿಷಗಳಲ್ಲಿ ಬೇಕಾದದ್ದು ತೊಡೆಯ ಮೇಲೆ ಅಥವಾ ಕಾಲ ಬುಡದಲ್ಲಿ, ಗಂಟೆಗಳ ಮೇಲೆ ಬೇಕಾದದ್ದು ಮಾತ್ರ ಡಿಕ್ಕಿಯಲ್ಲಿ ಅಥವಾ ಲಗೇಜಿನಲ್ಲಿ. ಬಹಳ ಕಡೆ ಎಡವಟ್ಟಾಗುವುದು ಇಲ್ಲೇ. ಸಾಮಾನೆಲ್ಲ ಇರುತ್ತದೆ, ಒಳ್ಳೆಯ ಸಾಮಾನೇ ಇರುತ್ತದೆ, ಆದರೆ ಬಸ್ಸಿನ ಮೇಲಿನ ರ‍್ಯಾಕಿನಲ್ಲಿ ಬೇರೆಯವರ ಸೂಟ್‌ಕೇಸಿನ ಹಿಂದೆ ಇರುತ್ತದೆ.

ಮೈಮೇಲೆ ಇರಬೇಕಾದ್ದು ಎರಡು ಹತ್ತಿ ಕರವಸ್ತ್ರ, ಒಂದು ತೊಳೆದ ಒಳಕೊಳವೆ (ಮುಖ್ಯ ಕೊಳವೆಯೊಳಗೆ ಕೂರುವ, ತೆಗೆದು ಹಾಕಬಹುದಾದ ಕೊಳವೆ) ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ, ಒಂದು ಕೃತಕ ಮೂಗು, ಮತ್ತು ಗುರುತಿನ ಚೀಟಿ. ಕರವಸ್ತ್ರ ಎರಡೇಕೆ ಎಂದರೆ, ಕೆಮ್ಮಿದಾಗ ಗಾಳಿ ಬರುವುದು ಕುತ್ತಿಗೆಯಿಂದ. ಅಭ್ಯಾಸಬಲದಿಂದ ಕೈ ಬಾಯಿಗೆ ಹೋಗುತ್ತದೆ, ಕಫ ಮುಂದೆ ಕೂತವರ ಬೆನ್ನಿಗೆ ಹಾರುತ್ತದೆ. ಸೀನೂ ಬಹುಪಾಲು ಅಲ್ಲಿಂದಲೇ. ಹಾಗಾಗಿ ಒಂದು ಬಟ್ಟೆ ಕುತ್ತಿಗೆಗೇ ಮೀಸಲು. ಟಿಶ್ಯೂ ಕಾಗದ ಬೇಡ, ಒದ್ದೆಯಾದರೆ ಪುಡಿಯಾಗಿ ಎಳೆ ಒಳಗೆ ಸೇರುತ್ತದೆ.

ತೊಡೆಯ ಮೇಲಿನ ಚೀಲದಲ್ಲಿ ಈಗ ಹಾಕಿರುವ ಅಳತೆಯದೇ ಇನ್ನೊಂದು ಕೊಳವೆ, ಅದಕ್ಕಿಂತ ಒಂದು ಅಳತೆ ಚಿಕ್ಕದು ಇನ್ನೊಂದು, ಎರಡಕ್ಕೂ ಕೊಳವೆ ಹಾಕುವಾಗ ಅದರೊಳಗೆ ತೂರಿಸಿಡುವ ಕಡ್ಡಿ, ಕುತ್ತಿಗೆ ಪಟ್ಟಿ, ನೀರಿನಲ್ಲಿ ಕರಗುವ ಜೆಲ್ಲಿ, ಬಲೂನಿಗೆ 10 ಮಿಲಿಲೀಟರ್ ಸಿರಿಂಜು, ಸಕ್ಷನ್ ಯಂತ್ರ, ಐದಾರು ಸಕ್ಷನ್ ನಳಿಗೆ, ಕೈಗವಸು, ಸಲೈನಿನ ಸಣ್ಣ ಆಂಪ್ಯೂಲುಗಳು, ಒಂದು ಟಾರ್ಚು. ವೈದ್ಯರು ಹೇಳಿದ್ದರೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಚೀಲ ಕೂಡ. ಜೆಲ್ಲಿ ಎಂದಾಗ ವ್ಯಾಸಲೀನ್ ತರಬೇಡಿ, ಎಣ್ಣೆಯ ಅಂಶ ಶ್ವಾಸಕೋಶಕ್ಕೆ ಇಳಿಯಬಾರದು.

ಅಳತೆಯ ವಿಷಯದಲ್ಲಿ ಎಚ್ಚರ. ಕುತ್ತಿಗೆಗೆ ಒರಗುವ ಕೊಳವೆಯ ರೆಕ್ಕೆಯ ಮೇಲೆ ಬರೆದ ಸಂಖ್ಯೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ‘ಶೈಲಿ’ (Shiley) ಎಂಬ ಹೆಸರಿನ ಕೊಳವೆಗಳ ಹಳೆಯ ಮಾದರಿಯ 6ನೇ ನಂಬರಿನ ಒಳ ಅಳತೆ 6.4 ಮಿಲಿಮೀಟರ್, ಹೊರ ಅಳತೆ 10.8. ಬೇರೆ ಕಂಪನಿಯಲ್ಲಿ 6 ಎಂದರೆ ಒಳ ಅಳತೆಯೇ 6 ಮಿಲಿಮೀಟರ್ ಇರಬಹುದು. ಒಂದು ಕಂಪನಿಯ ಒಳಕೊಳವೆ ಇನ್ನೊಂದರಲ್ಲಿ ಕೂರುವುದಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಆಂಬು ಚೀಲ ಜೋಡಿಸುವ 15 ಮಿಲಿಮೀಟರಿನ ಬಾಯಿ ಕೆಲವು ಕೊಳವೆಗಳಲ್ಲಿ ಒಳಕೊಳವೆಗೇ ಅಂಟಿಕೊಂಡಿರುತ್ತದೆ. ಅಂಥದ್ದರಲ್ಲಿ ಕಟ್ಟಿದ ಒಳಕೊಳವೆ ತೆಗೆದರೆ ರೋಗಿ ಉಸಿರಾಡಬಹುದು, ಆದರೆ ಆಂಬು ಜೋಡಿಸಲು ಜಾಗವೇ ಇರುವುದಿಲ್ಲ. ಜೇಬಿನಲ್ಲಿ ಇನ್ನೊಂದು ತೊಳೆದದ್ದು ಇರಬೇಕು ಎಂದದ್ದು ಇದಕ್ಕೂ ಸೇರಿ. ನಿಮ್ಮ ಕೊಳವೆಯ 15 ಮಿಲಿಮೀಟರ್ ಬಾಯಿ ಎಲ್ಲಿದೆ ಎಂದು ಇವತ್ತು ರಾತ್ರಿಯೇ ನೋಡಿ.

ಸಕ್ಷನ್ ನಳಿಗೆಯ ಅಳತೆಗೆ ಸುಲಭ ಲೆಕ್ಕವಿದೆ. ಕೊಳವೆಯ ಒಳ ಅಳತೆಯಿಂದ 2 ಕಳೆದು 2ರಿಂದ ಗುಣಿಸಿ. 8 ಮಿಲಿಮೀಟರ್ ಕೊಳವೆಗೆ 12 ಫ್ರೆಂಚ್ (ನಳಿಗೆಯ ದಪ್ಪದ ಅಳತೆ), 7ಕ್ಕೆ 10, 6ಕ್ಕೆ 8. ದಪ್ಪ ನಳಿಗೆ ಹಾಕಿದರೆ ಕಫದ ಜೊತೆ ಶ್ವಾಸಕೋಶದ ಗಾಳಿಯನ್ನೂ ಎಳೆದುಬಿಡುತ್ತದೆ. ದೊಡ್ಡವರಿಗೆ ಎಳೆತದ ಒತ್ತಡ 100ರಿಂದ 120 ಮಿಲಿಮೀಟರ್ ಪಾದರಸ ಸಾಕು, 150 ದಾಟಬಾರದು. ಮಕ್ಕಳಿಗೆ 80ರಿಂದ 100. ಒಳಗೆ ಬಿಡುವಾಗ ಎಳೆತ ಬೇಡ, ಹೊರಗೆ ತರುವಾಗ ಮಾತ್ರ. ಇಡೀ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯಲಿ. ಎಷ್ಟು ಆಳ ಎಂಬುದಕ್ಕೆ ಮನೆಯಲ್ಲಿರುವ ಹೆಚ್ಚುವರಿ ಕೊಳವೆಯಲ್ಲೇ ನಳಿಗೆ ತೂರಿಸಿ, ತುದಿ ಅರ್ಧದಿಂದ ಒಂದು ಸೆಂಟಿಮೀಟರ್ ಹೊರಬಂದ ಕಡೆ ಗುರುತು ಹಾಕಿಕೊಳ್ಳಿ. ಅದಕ್ಕಿಂತ ಆಳ ಹೋದರೆ ಶ್ವಾಸನಾಳದ ಗೋಡೆ ಗೀರಿ ರಕ್ತ ಬರುತ್ತದೆ.

ಯಂತ್ರದ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ. ಅದು ಹೊಸ ಬ್ಯಾಟರಿಯ ಲೆಕ್ಕ. ಪೂರ್ತಿ ಚಾರ್ಜ್ ಮಾಡಿ, ಒಂದು ಬಟ್ಟಲು ನೀರಿಗೆ ನಳಿಗೆ ಹಾಕಿ, ಗಡಿಯಾರ ನೋಡುತ್ತ ಓಡಿಸಿ. ನಡುನಡುವೆ ಜಾಡಿ ಖಾಲಿ ಮಾಡುತ್ತಿರಿ. ಎಳೆತ ಯಾವ ನಿಮಿಷಕ್ಕೆ ಕುಗ್ಗಿತು ಎಂದು ಯಂತ್ರದ ಮೇಲೆಯೇ ಅಂಟಿಸಿ. ಕೆಲವು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಜೊತೆಗೆ ಕೈಯಿಂದ ಒತ್ತುವ ಸಕ್ಷನ್ ಪಂಪೊಂದು ಇರಲಿ, ಅದಕ್ಕೆ ಕರೆಂಟೂ ಬೇಡ ಬ್ಯಾಟರಿಯೂ ಬೇಡ.

ಸಕ್ಷನ್ ಎಲ್ಲಿ ಮಾಡಬೇಕು? ನಾಚಿಕೆಯಿಂದ ಬಹಳ ಜನ ಶೌಚಾಲಯಕ್ಕೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಕ್ಕಟ್ಟು, ಕತ್ತಲು, ಸಾಮಾನಿಡಲು ಜಾಗವಿಲ್ಲ, ಗಾಳಿಯಲ್ಲಿ ರೋಗಾಣು ಬೇರೆ. ನೇರ ಶ್ವಾಸಕೋಶಕ್ಕೆ ಹೋಗುವ ನಳಿಗೆಯನ್ನು ಬಿಚ್ಚಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕೂತ ಸೀಟಿನಲ್ಲೇ, ಬೆಳಕಿನ ಕಡೆ ಮುಖ ಮಾಡಿ, ತೊಡೆಯ ಮೇಲೆ ಒಗೆದ ಬಟ್ಟೆ ಹಾಸಿಕೊಂಡು ಮಾಡಿ. ಪಕ್ಕದವರಿಗೆ ‘ಒಂದು ನಿಮಿಷ ಸದ್ದಾಗುತ್ತದೆ’ ಎಂದು ಮೊದಲೇ ಹೇಳಿದರೆ ಸಾಕು. ನೋಡುವವರು ನೋಡಲಿ. ಮೂಗು ಒರೆಸಿಕೊಳ್ಳುವ ಹಕ್ಕು ಎಲ್ಲರಿಗೂ ಇರುವ ಹಾಗೆ ಇದೂ ನಿಮ್ಮ ಹಕ್ಕು.

ಯಾವಾಗ ಮಾಡಬೇಕು ಎಂಬುದನ್ನು ಕಿವಿ ಹೇಳುತ್ತದೆ. ಗರಗರ ಸದ್ದು ಬಂದರೆ ಒದ್ದೆ ಕಫ, ಗಟ್ಟಿಯಾಗಿ ಕೆಮ್ಮಿಸಿ, ಬರದಿದ್ದರೆ ಸಕ್ಷನ್. ಸುಯ್ ಎಂದು ಸಣ್ಣ ಸೀಟಿಯಂಥ ಒಣ ಸದ್ದಾದರೆ ಅದು ಕಟ್ಟಿದ ಪದರ, ಅಲ್ಲಿ ಮೊದಲು ಒಳಕೊಳವೆ ತೆಗೆಯಬೇಕು. ತೆಗೆದದ್ದನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಮೇಲಿನ ಅರ್ಧ ಗಾಜಿನಂತೆ ಸ್ವಚ್ಛ, ಕೆಳತುದಿಯಲ್ಲಿ ಮಾತ್ರ ಕಂದು ಬಣ್ಣದ ಉಂಗುರ, ನಡುವೆ ಕಡ್ಡಿ ತೂರುವಷ್ಟು ತೂತು. ಹೊರಗಿನಿಂದ ಕೊಳವೆಯ ಬಾಯಿ ಎಷ್ಟು ಚೊಕ್ಕಟ ಕಂಡರೂ ತುದಿಯ ಕಥೆ ಬೇರೆ ಇರುತ್ತದೆ. ಪಯಣದಲ್ಲಿ ಮೂರು ನಾಲ್ಕು ಗಂಟೆಗೊಮ್ಮೆಯಾದರೂ ತೆಗೆದು ನೋಡಿ. ತೊಳೆಯಲು ಕುದಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಒಯ್ಯಿರಿ, ನಿಲ್ದಾಣದ ನಲ್ಲಿ ನೀರು ಬೇಡ. ಒಂದು ಸಲ ಬಳಸಿ ಬಿಸಾಡುವ ಜಾತಿಯದಾದರೆ ತೊಳೆಯದೆ ಹೊಸದನ್ನೇ ಹಾಕಿ.

ಉಸಿರು ನಿಜವಾಗಿ ಕಟ್ಟಿಬಿಟ್ಟರೆ ಕ್ರಮ ಹೀಗೆ. ಜೊತೆಯವರಲ್ಲಿ ಒಬ್ಬರು ತುರ್ತು ಸಹಾಯಕ್ಕೆ ಕರೆ ಮಾಡುತ್ತಿರಲಿ, ಕೆಲಸ ಮಾಡುವವರ ಕೈ ನಿಲ್ಲಬಾರದು. ಕೊಳವೆಯ ಮೇಲಿನ ಮುಚ್ಚಳ, ಮಾತಾಡಲು ಹಾಕುವ ವಾಲ್ವ್, ಕೃತಕ ಮೂಗು ಏನಿದ್ದರೂ ತೆಗೆಯಿರಿ. ಒಳಕೊಳವೆ ತೆಗೆಯಿರಿ. ಎಷ್ಟೋ ಸಲ ಇಷ್ಟರಲ್ಲೇ ಉಸಿರು ಬಂದಿರುತ್ತದೆ. ಇಲ್ಲವಾದರೆ ಸಕ್ಷನ್ ನಳಿಗೆ ಇಳಿಸಿ. ಅದು ಸಲೀಸಾಗಿ ಇಳಿಯದಿದ್ದರೆ ಬಲೂನಿನ ಗಾಳಿ ತೆಗೆಯಿರಿ, ಪಕ್ಕದಿಂದಾದರೂ ಗಾಳಿ ಓಡಾಡಲಿ. ಆಗಲೂ ಉಸಿರಿಲ್ಲವೆಂದರೆ ಕಟ್ಟಿದ ಕೊಳವೆಯನ್ನೇ ಹೊರಗೆ ತೆಗೆಯಬೇಕು. ಇಲ್ಲಿ ಜನ ಹಿಂಜರಿಯುತ್ತಾರೆ. ಪೂರ್ತಿ ಕಟ್ಟಿದ ಕೊಳವೆ ಗಂಟಲಿನ ಬಿರಟೆ, ಅದನ್ನು ಅಲ್ಲೇ ಬಿಡುವುದೇ ಅಪಾಯ.

ಹೊಸದನ್ನು ಹಾಕುವಾಗ ಭುಜದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಕುತ್ತಿಗೆ ಹಿಂದಕ್ಕೆ ಚಾಚಿಸಿ. ಕಡ್ಡಿ ಹಾಕಿದ ಕೊಳವೆಗೆ ಜೆಲ್ಲಿ ಸವರಿ, ಮೊದಲು ಹಿಂದಕ್ಕೆ, ಆಮೇಲೆ ಬಾಗಿಗೆ ಸರಿಯಾಗಿ ಕೆಳಕ್ಕೆ ಇಳಿಸಿ. ಕಡ್ಡಿಯನ್ನು ಕೂಡಲೇ ಎಳೆಯಿರಿ, ಅದು ಇರುವಷ್ಟು ಹೊತ್ತೂ ಉಸಿರಿಲ್ಲ. ಅಂಗೈ ಹಿಡಿದು ಗಾಳಿ ತಾಗುತ್ತದೆಯೇ ನೋಡಿ. ಇಳಿಯಲಿಲ್ಲವೆಂದು ಬಲ ಹಾಕಬೇಡಿ. ಶ್ವಾಸನಾಳ ಬಿಟ್ಟು ಅದರ ಮುಂದಿನ ಮಾಂಸದಲ್ಲಿ ದಾರಿ ಮಾಡಿಕೊಂಡರೆ ಕೊಳವೆ ಕೂತ ಹಾಗೆ ಕಾಣುತ್ತದೆ, ಗಾಳಿ ಹೋಗುವುದಿಲ್ಲ. ಚಿಕ್ಕ ಅಳತೆಯದನ್ನು ಹಾಕಿ. ಅದೂ ಆಗದಿದ್ದರೆ, ಬಾಯಿ ಮೂಗಿನ ದಾರಿ ತೆರೆದಿರುವವರಿಗೆ ರಂಧ್ರವನ್ನು ಬಟ್ಟೆಯಿಂದ ಒತ್ತಿ ಹಿಡಿದು ಬಾಯಿಯಿಂದ ಉಸಿರು ಕೊಡಬಹುದು. ಪಟ್ಟಿ ಕಟ್ಟುವಾಗ ಕುತ್ತಿಗೆ ಮತ್ತು ಪಟ್ಟಿಯ ನಡುವೆ ಒಂದು ಬೆರಳು ಹಿಡಿಸುವಷ್ಟು ಸಡಿಲ ಇರಲಿ.

ಬಾಯಿ ಮೂಗಿನ ದಾರಿ ತೆರೆದಿರುವವರಿಗೆ ಎಂದೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದವರಿಗೆ ಮೂಗು ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರ ಕುತ್ತಿಗೆಯಲ್ಲೂ ರಂಧ್ರವೇ. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಈ ಎರಡು ಗುಂಪಿಗೆ ಎರಡು ಬಣ್ಣದ ಫಲಕ ಗೊತ್ತುಮಾಡಿದರು, ಮೇಲಿನ ದಾರಿ ಇರುವವರಿಗೆ ಹಸಿರು, ಇಲ್ಲದವರಿಗೆ ಕೆಂಪು. ಆಸ್ಪತ್ರೆಯ ಮಂಚಕ್ಕೆ ಫಲಕ ತೂಗುಹಾಕಬಹುದು, ರಸ್ತೆಯಲ್ಲಿ ಆ ಕೆಲಸ ಮಾಡುವುದು ನಿಮ್ಮ ಗುರುತಿನ ಚೀಟಿ. ಅದರ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿರಲಿ: ‘ನಾನು ಉಸಿರಾಡುವುದು ಕುತ್ತಿಗೆಯಿಂದ. ಇಲ್ಲಿ ಮುಚ್ಚಬೇಡಿ. ಆಕ್ಸಿಜನ್ ಕುತ್ತಿಗೆಗೆ ಕೊಡಿ.’ ಹಿಂಬದಿಯಲ್ಲಿ ಕೊಳವೆಯ ಕಂಪನಿ, ಅಳತೆ, ಬಲೂನು ಉಂಟೋ ಇಲ್ಲವೋ, ಎಷ್ಟು ಮಿಲಿಲೀಟರ್, ಕೊನೆಯ ಸಲ ಬದಲಿಸಿದ ದಿನ, ಯಾಕೆ ಹಾಕಿದ್ದು, ಮೇಲಿನ ದಾರಿ ತೆರೆದಿದೆಯೇ, ಎರಡು ಫೋನ್ ನಂಬರು. ಕುಸಿದು ಬಿದ್ದವರ ಮೂಗಿಗೆ ಮಾಸ್ಕ್ ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಕುತ್ತಿಗೆಗೆ ಬಟ್ಟೆ ಸುತ್ತಿದ್ದರೆ ಕೊಳವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಚೀಟಿ ಚೀಲದಲ್ಲಿರುವುದು ಸಾಲದು, ಎದೆಯ ಮೇಲೆ ನೇತಾಡುತ್ತಿರಲಿ.

ಮಾತಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ, ಕೌಂಟರಿನಲ್ಲಿ ಮಾತಾಡಲು ಮಾತಿನ ವಾಲ್ವ್ ಇದೆ. ಉಸಿರು ಒಳಗೆ ಬರುವಾಗ ತೆರೆದು, ಬಿಡುವಾಗ ಮುಚ್ಚುತ್ತದೆ. ಹೊರಗೆ ಹೋಗುವ ಗಾಳಿ ಕೊಳವೆಯ ಪಕ್ಕದಿಂದ ಮೇಲೇರಿ ಧ್ವನಿತಂತುಗಳನ್ನು ಮುಟ್ಟಿ ಬಾಯಿಗೆ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಅಂಥ ವಾಲ್ವೊಂದನ್ನು 1980ರ ದಶಕದಲ್ಲಿ ರೂಪಿಸಿದವರು ಡೇವಿಡ್ ಮ್ಯೂರ್, ಸ್ನಾಯುಕ್ಷಯದಿಂದ ವೆಂಟಿಲೇಟರ್ ಮೇಲಿದ್ದ ಯುವಕ. ತನ್ನ ದನಿಗಾಗಿ ಒಬ್ಬ ರೋಗಿಯೇ ಕಂಡುಕೊಂಡ ದಾರಿ ಇವತ್ತು ಜಗತ್ತಿನ ಎಷ್ಟೋ ಜನರ ದನಿಯಾಗಿದೆ. ನನಗೆ ಇದು ವೈದ್ಯಕೀಯದ ಬಹಳ ದೊಡ್ಡ ಸಂಗತಿಗಳಲ್ಲಿ ಒಂದು ಅನ್ನಿಸುತ್ತದೆ.

ಆದರೆ ಬಲೂನು ಊದಿರುವಾಗ ಆ ವಾಲ್ವ್ ಹಾಕಿದರೆ? ಪಕ್ಕದ ದಾರಿ ಬಲೂನಿನಿಂದ ಮುಚ್ಚಿದೆ, ಹೊರದಾರಿ ವಾಲ್ವಿನಿಂದ ಮುಚ್ಚಿದೆ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೆಲವೇ ಉಸಿರಿನಲ್ಲಿ ಪ್ರಾಣಕ್ಕೆ ಬರುತ್ತದೆ. ಕಫ ಮತ್ತು ಕಫ್ ಗೊಂದಲ ಜೀವಕ್ಕೆ ಎರವು ಎಂದದ್ದು ಇದನ್ನೇ. ಬಲೂನಿನ ಗಾಳಿ ಪೂರ್ತಿ ತೆಗೆದ ಮೇಲಷ್ಟೇ ವಾಲ್ವ್. ಬಸ್ಸಿನಲ್ಲಿ ತೂಕಡಿಕೆ ಬಂದರೆ ವಾಲ್ವ್ ತೆಗೆದಿಡಿ. ವಾಲ್ವ್ ಹಾಕಿದಷ್ಟು ಹೊತ್ತು ಸಾಮಾನ್ಯವಾಗಿ ಕೃತಕ ಮೂಗು ಇರುವುದಿಲ್ಲ, ಒಣಗಾಳಿ ಹೋಗುತ್ತಿರುತ್ತದೆ ಎಂಬುದೂ ನೆನಪಿರಲಿ. ವಾಲ್ವ್ ಇಲ್ಲದೆ ಬೆರಳಿಟ್ಟು ಮಾತಾಡುವವರು ಒಂದು ಕೈಯನ್ನು ಕುತ್ತಿಗೆಗೇ ಮೀಸಲಿಡಿ. ಬಸ್ಸಿನ ಕಂಬಿ, ದುಡ್ಡು, ಬಾಗಿಲ ಹಿಡಿ ಎಲ್ಲ ಇನ್ನೊಂದು ಕೈಗೆ.

ವಾಸನೆ ತಿಳಿಯದು ಎಂಬುದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಗಾಳಿ ಮೂಗು ಮುಟ್ಟದೆ ಹೋಗುವುದರಿಂದ ಹಳಸಿದ ಊಟ, ಸೋರುವ ಗ್ಯಾಸು, ಸುಡುವ ವೈರು ಗೊತ್ತಾಗುವುದಿಲ್ಲ. ಹೊಸ ಜಾಗದಲ್ಲಿ ಉಳಿದುಕೊಂಡರೆ ಊಟವನ್ನು ಬೇರೆಯವರು ಮೂಸಿ ನೋಡಲಿ. ಸುಗಂಧದ ಸ್ಪ್ರೇ, ಪೌಡರು, ಹೊಗೆ, ಮರಳು ಹಾರುವ ಜಾಗದಿಂದ ದೂರ ಇರಿ. ಎಸಿಯ ಕಂಡಿಯನ್ನು ಕುತ್ತಿಗೆಯ ನೇರದಿಂದ ತಿರುಗಿಸಿ. ಹೊದೆಯುವ ಬಟ್ಟೆ ಎಳೆ ಬಿಡದ ತೆಳು ಹತ್ತಿಯದಾಗಿರಲಿ, ಉಣ್ಣೆ ಬೇಡ. ಕಾರಿನ ಬೆಲ್ಟು ಕೊಳವೆಯ ಮೇಲೆ ಹಾಯದಂತೆ ಭುಜದ ತುದಿಗೆ ಸರಿಸಿ. ಈಜು, ಹೊಳೆಯ ಸ್ನಾನ ಬೇಡವೇ ಬೇಡ.

ಇನ್ನು ವಿಮಾನ. ಹಾರುವಾಗ ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಅಲ್ಲಿನ ಉಸಿರಲ್ಲಿ ಸಿಗುವ ಆಕ್ಸಿಜನ್, ಸಮುದ್ರಮಟ್ಟದಲ್ಲಿ 15 ಶೇಕಡಾ ಇದ್ದ ಹಾಗೆ. ಶ್ವಾಸಕೋಶ ಸೋತವರಿಗೆ ಅದು ಸಾಲದೆ ಹೋಗಬಹುದು, ಆ ಪರೀಕ್ಷೆ ಮೊದಲೇ ಆಗಲಿ. ಎರಡನೆಯದು ಬಲೂನು. 10 ಮಿಲಿಲೀಟರ್ ಗಾಳಿ ಆ ಎತ್ತರದಲ್ಲಿ ಸುಮಾರು 13 ಮಿಲಿಲೀಟರ್ ಆಗಲು ನೋಡುತ್ತದೆ. ಶ್ವಾಸನಾಳದೊಳಗೆ ಹಿಗ್ಗಲು ಜಾಗವಿಲ್ಲ, ಹಾಗಾಗಿ ಗೋಡೆಯನ್ನು ಒತ್ತುತ್ತದೆ. ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಬೇಕು, ಮೀರಿದರೆ ಆ ಜಾಗಕ್ಕೆ ರಕ್ತ ಹರಿಯುವುದು ಕುಗ್ಗುತ್ತದೆ. ವಿಮಾನ ಏರಿದ ಮೇಲೆ ಮಾಪಕ ಹಾಕಿ ನೋಡಿ ಹೆಚ್ಚಿನದನ್ನು ತೆಗೆಯಿರಿ, ಇಳಿಯುವಾಗ ಮತ್ತೆ ನೋಡಿ ತುಂಬಿಸಿ. ಏರುವಾಗ ತೆಗೆದು ಇಳಿಯುವಾಗ ಮರೆತರೆ ಬಲೂನು ಸೊರಗಿ ಎಂಜಲು ಒಳಗಿಳಿಯುತ್ತದೆ. ಕೆಲವು ಕೊಳವೆಗಳ ಬಲೂನಿಗೆ ಗಾಳಿಯ ಬದಲು ಶುದ್ಧ ನೀರನ್ನೇ ತುಂಬುತ್ತಾರೆ, ಅವಕ್ಕೆ ಈ ತೊಂದರೆ ಇಲ್ಲ. ನಿಮ್ಮದು ಯಾವುದು ಎಂದು ಕೇಳಿಕೊಳ್ಳದೆ ನೀರು ಹಾಕಬೇಡಿ. ಎತ್ತರದ ಬೆಟ್ಟದ ರಸ್ತೆ ಹತ್ತುವಾಗಲೂ ಇದೇ ಲೆಕ್ಕ.

ಕ್ಯಾಬಿನ್ನಿನ ತೇವ ಸಾಮಾನ್ಯವಾಗಿ 20 ಶೇಕಡಾಕ್ಕಿಂತ ಕಡಿಮೆ. ಕೃತಕ ಮೂಗು ಕಳಚಬೇಡಿ, ವಾಲ್ವ್ ಸ್ವಲ್ಪ ಹೊತ್ತಿಗಷ್ಟೇ ಇರಲಿ, ನೀರು ಕುಡಿಯುತ್ತಿರಿ. ಮೇಲಿನಿಂದ ಆಕ್ಸಿಜನ್ ಮಾಸ್ಕ್ ಬಿದ್ದರೆ ಅದನ್ನು ಕುತ್ತಿಗೆಗೆ ಹಿಡಿಯಬೇಕು ಎಂದು ಪಕ್ಕದವರಿಗೂ ಸಿಬ್ಬಂದಿಗೂ ಹತ್ತಿದ ಕೂಡಲೇ ಹೇಳಿಡಿ. ಲಿಥಿಯಂ ಬ್ಯಾಟರಿಯ ಹೆಚ್ಚುವರಿಗಳು ಕೈಚೀಲದಲ್ಲೇ, ತುದಿಗಳಿಗೆ ಟೇಪು ಸುತ್ತಿ. 100 ವ್ಯಾಟ್ ಅವರ್ ದಾಟಿ 160ರ ತನಕ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಆ ಸಂಖ್ಯೆ ಸಿಗುತ್ತದೆ. ವೆಂಟಿಲೇಟರ್ ಇರುವವರು ಪಯಣದ ಒಂದೂವರೆ ಪಟ್ಟು ಹೊತ್ತಿಗೆ ಬ್ಯಾಟರಿ ಒಯ್ಯಿರಿ. ಅರ್ಜಿ, ವೈದ್ಯರ ಪತ್ರಗಳನ್ನು ಕನಿಷ್ಠ 48 ಗಂಟೆ ಮೊದಲೇ ಕಳಿಸಿ. ತಪಾಸಣೆಯಲ್ಲಿ ಕತ್ತರಿ ತೆಗೆದುಕೊಂಡರೆ ಕಷ್ಟವಾಗದಂತೆ ದಾರದ ಬದಲು ವೆಲ್ಕ್ರೊ ಪಟ್ಟಿ ಕಟ್ಟಿಕೊಂಡು ಹೋಗಿ.

ಮನೆಗೆ ಮರಳಿದ ರಾತ್ರಿ ಎಷ್ಟೇ ದಣಿವಿದ್ದರೂ ಚೀಲ ಬಿಚ್ಚಿ. ಜಾಡಿ ತೊಳೆದು ಒಣಗಿಸಿ, ಬಳಸಿದ ನಳಿಗೆಗಳ ಜಾಗಕ್ಕೆ ಹೊಸದಿಡಿ, ಕೊಳವೆಗಳ ಪೊಟ್ಟಣ ಹರಿದಿಲ್ಲವೇ, ಅವಧಿ ಮುಗಿದಿಲ್ಲವೇ ನೋಡಿ, ಯಂತ್ರವನ್ನು ಚಾರ್ಜಿಗೆ ಹಾಕಿ. ಆಮೇಲೆ ಚೀಲವನ್ನು ಬಾಗಿಲ ಹತ್ತಿರದ ಅದೇ ಮೊಳೆಗೆ ತೂಗುಹಾಕಿ.